ಎಡಗಡೆ ನಮ್ಮ ಬಣ್ಣ

ಸರ್,

ಹೇಗಿದ್ದೀರಿ ಎಂದು ಕೇಳುವ ಸಾಲನ್ನು ಬಿಟ್ಟೇ ಶುರು ಮಾಡುತ್ತಿದ್ದೇನೆ. ಬರೆದು ಹೊಡೆದುಹಾಕಿದೆ. ನಿಮಗೆ ಪತ್ರ ಬರೆದು ನನಗೆ ಅಭ್ಯಾಸವೂ ಇಲ್ಲ. ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಲ್ಯಾಬಿನ ಬಾಗಿಲಲ್ಲಿ ನಿಂತುಕೊಂಡು, ಇಲ್ಲವೇ ಬೋಟ್‌ಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನಿನ ಬುಟ್ಟಿಗಳ ನಡುವೆ ಕಾಲು ಎಲ್ಲಿಡುವುದು ಎಂದು ನೋಡಿಕೊಂಡು. ಇಮೇಲ್ ಕಳಿಸಿದರೆ ನಿಮ್ಮ ಉತ್ತರ ಒಂದೇ: "ಬಾ, ಮಾತಾಡುವ." ಈಗ ಎಲ್ಲಿಗೆ ಬರಲಿ? ಆದರೆ ಆಸ್ಪತ್ರೆಯಲ್ಲಿ ನೀವು ನನಗೊಂದು ಪ್ರಶ್ನೆ ಕೇಳಿದ್ದಿರಿ. ಉತ್ತರ ತರುತ್ತೇನೆ ಎಂದು ಹೇಳಿ ಹೊರಟವಳು ನಾನು. ಅದಕ್ಕೇ ಈ ಪತ್ರ.

ನಿಮ್ಮ ಬಿಜೈ ಮನೆಯ ಗೇಟನ್ನು ಮೊದಲ ಸಲ ನೋಡಿದ ದಿನ ನೆನಪಾಗುತ್ತದೆ. ಪಿಎಚ್‌ಡಿಗೆ ಸೇರಿದ ಹೊಸತು, ಯಾವುದೋ ಸಹಿಗೆಂದು ಬಂದಿದ್ದೆ. ಗೇಟಿನ ಒಂದು ಬಾಗಿಲು ಹಸಿರು, ಇನ್ನೊಂದು ಕಪ್ಪುಕಂದು. ಪಾಪ, ಬಣ್ಣ ಮುಗಿದುಹೋಗಿರಬೇಕು ಅಂದುಕೊಂಡೆ. ಒಳಗೆ ಬಂದರೆ ದಾಸವಾಳದ ಬೇಲಿಯೂ ಅರ್ಧ ದಟ್ಟ, ಅರ್ಧ ಬಡಕಲು. ಒಂದು ಕಡೆಗೆ ಮಾತ್ರ ನೀವು ಹೊಸ ಗೊಬ್ಬರ ಹಾಕಿದ್ದಿರಿ. ನಿಮ್ಮ ಹೆಂಡತಿ ಜೆಸಿಂತಾ ಆಂಟಿ ತಟ್ಟೆಯಲ್ಲಿ ಇಡ್ಲಿಯಂಥ ಸನ್ನ ತಂದಿಟ್ಟು, ಈ ಬದಿಯವು ಕಳ್ಳು ಹಾಕಿದ್ದು, ಆ ಬದಿಯವು ಈಸ್ಟ್ ಹಾಕಿದ್ದು, ಎರಡನ್ನೂ ತಿಂದು ಯಾವುದು ಮೆತ್ತಗೆ ಅಂತ ಹೇಳಬೇಕಂತೆ ಎಂದರು. ನಾನು ಮುಸ್ಲಿಂ ಹುಡುಗಿ ಎಂದು ಅವರಿಗೆ ಆಮೇಲೆ ಹೊಳೆದು, ಕಳ್ಳಿನವನ್ನು ನಗುತ್ತಾ ಎತ್ತಿಕೊಂಡು ಹೋದರು. "ಇವರಿಗೆ ಎಲ್ಲದರಲ್ಲೂ ಅರ್ಧ ಬೇಕು ಮಗಾ. ನನ್ನನ್ನು ಒಬ್ಬಳನ್ನೇ ಪೂರ್ತಿ ಮದುವೆ ಆದದ್ದು, ಅದೇ ಆಶ್ಚರ್ಯ." ನೀವು ಮಾತ್ರ ನಗಲಿಲ್ಲ. ಬದಿಯಲ್ಲಿ ಹಳೆಯದು ಇಲ್ಲದಿದ್ದರೆ ಹೊಸತು ಒಳ್ಳೆಯದು ಅಂತ ಹೇಗೆ ಹೇಳುತ್ತೀ ಎಂದು ನನ್ನನ್ನೇ ಕೇಳಿದಿರಿ. ನಿಮ್ಮಿಂದ ನಾನು ಕಲಿತ ಮೊದಲ ಪಾಠ ಅದು. ಪಾಠ ನಡೆದದ್ದು ಗೇಟಿನ ಹತ್ತಿರ, ಕ್ಲಾಸಿನಲ್ಲಿ ಅಲ್ಲ.

ನಿಮ್ಮ ಮೊದಲ ಕಂಪನಿಯ ಕಥೆಯನ್ನು ನೀವೇ ಎಷ್ಟು ಸಲ ಹೇಳಿದ್ದೀರೋ. ಕಡಲ ಬದಿಯ ಬಾವಿಗಳಲ್ಲಿ ಉಪ್ಪು ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದಾದ ಒಂದು ಸಣ್ಣ ಕಿಟ್. ಲ್ಯಾಬಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿತ್ತು. ಹೊರಗೆ ಒಬ್ಬರಿಗೂ ಬೇಡವಾಯಿತು. ತಮ್ಮ ಬಾವಿ ಹಾಳಾಗಿದೆ ಎಂಬ ಸುದ್ದಿಯನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಮಾರಾಯ್ತಿ ಎಂದು ನಿಮ್ಮನ್ನು ನೀವೇ ಹಾಸ್ಯ ಮಾಡಿಕೊಳ್ಳುತ್ತಿದ್ದಿರಿ. ಎರಡನೆಯದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಪ್ಲೈವುಡ್ ಅಂಟು. ಅದು ಗೆದ್ದಿತು. ಗೆದ್ದದ್ದೇ ತಡ, ದೊಡ್ಡವರು ಬಂದು ಕೊಂಡುಕೊಂಡರು, ಹೆಸರು ಬದಲಿಸಿದರು, ನಿಮಗೊಂದು ಶಾಲು ಹೊದಿಸಿದರು. ಮರುದಿನ ಬೆಳಿಗ್ಗೆ ನೀವು ಎಂದಿನಂತೆ ಲ್ಯಾಬಿನಲ್ಲಿದ್ದಿರಿ. ಮಗಳನ್ನು ಕೊಟ್ಟ ಮೇಲೆ ಆ ಮನೆಗೆ ದಿನಾ ಹೋಗಬಾರದು ಎಂದಿರಿ. ಸ್ಟಾಫ್ ರೂಮಿನಲ್ಲಿ ಬೆನ್ನ ಹಿಂದೆ ನಿಮ್ಮನ್ನು ಅಂಗಡಿ ಪ್ರೊಫೆಸರ್ ಎನ್ನುತ್ತಿದ್ದರು. ನಿಮಗೆ ಗೊತ್ತಿತ್ತು. ಅಂಗಡಿ ಎಂದರೆ ಬಾಗಿಲು ತೆರೆದಿರುವ ಜಾಗ, ನಮ್ಮ ಡಿಪಾರ್ಟ್‌ಮೆಂಟ್‌ಗಿಂತ ವಾಸಿ ಎನ್ನುತ್ತಿದ್ದಿರಿ.

ಮೂರನೆಯದಕ್ಕೆ, ಈ ಬೋಟ್ ಬಣ್ಣದ ಕಂಪನಿಗೆ, ನನ್ನನ್ನು ಕರೆದ ದಿನ ನಾನು ಮನೆಗೆ ಹೋಗಿ ತಂದೆಗೆ ಹೇಳಿದೆ. ಅವರದು ಬಂದರಿನಲ್ಲಿ ತಲೆಮಾರುಗಳ ಹೋಲ್‌ಸೇಲ್ ವ್ಯಾಪಾರ ಎಂದು ನಿಮಗೆ ಗೊತ್ತಲ್ಲ. ನನ್ನನ್ನು ಓದಿಸಿದ್ದೇ ಗಲ್ಲಾಪೆಟ್ಟಿಗೆಯಿಂದ ದೂರ ಇಡಲಿಕ್ಕೆ. ಅವರು ಚಹಾ ಕೆಳಗಿಟ್ಟು, ಇಷ್ಟೆಲ್ಲ ಓದಿ ಕೊನೆಗೆ ಅಂಗಡಿಗೇ ಬಂದೆಯಲ್ಲ ಎಂದು ನಗಾಡಿದರು. ನಿಮಗೆ ಹೇಳಿದಾಗ ನೀವೂ ನಕ್ಕಿರಿ. ಆಮೇಲೆ ಗಂಭೀರವಾಗಿ, ನನಗೆ ಮಾರಲಿಕ್ಕೆ ಬರುವುದಿಲ್ಲ, ನಿನ್ನ ರಕ್ತದಲ್ಲಿ ಉಂಟು, ಅದಕ್ಕೇ ಕರೆದದ್ದು ಎಂದಿರಿ. ನನಗೆ ಸ್ವಲ್ಪ ಬೇಜಾರಾಗಿತ್ತು, ಈಗ ಹೇಳುತ್ತೇನೆ. ನನ್ನ ಕೆಮಿಸ್ಟ್ರಿ ನೋಡಿ ಕರೆದಿರಿ ಎಂದುಕೊಂಡಿದ್ದೆ. ಆದರೂ ವಿಶ್ವವಿದ್ಯಾನಿಲಯದ ನನ್ನ ಕೆಲಸಕ್ಕೆ ದೀರ್ಘ ರಜೆ ಹಾಕಿ ಬಂದೆ. ಉರ್ವ ಮಾರ್ಕೆಟ್ ಹತ್ತಿರದ ಆ ಮಾಳಿಗೆ ಕೋಣೆ, ಕೆಳಗೆ ಕೋಳಿ ಅಂಗಡಿ, ಮೇಲೆ ನಮ್ಮ ಬೋರ್ಡು. ಪೈಂಟಿನ ವಾಸನೆಗೆ ಕೋಳಿ ಅಂಗಡಿಯವನೇ ನಮ್ಮ ಮೇಲೆ ದೂರು ಕೊಟ್ಟ.

ಬೋಟ್‌ಗಳ ಹೊಟ್ಟೆಗೆ ಕಡಲ ಹುಳದ ಚಿಪ್ಪು ಅಂಟುವುದನ್ನು ನೀವು ನನಗೆ ಮೊದಲು ತೋರಿಸಿದ್ದು ಒಂದು ಜೂನ್ ತಿಂಗಳಲ್ಲಿ. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಬೋಟ್‌ಗಳನ್ನೆಲ್ಲ ದಡಕ್ಕೆ ಎಳೆದು ಹಾಕಿರುತ್ತಾರಲ್ಲ, ಆಗ. ನೀರಿನೊಳಗೆ ಇದ್ದ ಭಾಗದಲ್ಲಿ ಗಾಜಿನ ಚೂರುಗಳಂತೆ ಬಿಳಿ ಚಿಪ್ಪು ದಟ್ಟವಾಗಿ ಅಂಟಿತ್ತು. ಇದರಿಂದ ಬೋಟ್ ಭಾರವಾಗುತ್ತದೆ, ಡೀಸೆಲ್ ಕುಡಿಯುತ್ತದೆ. ಮಾರುಕಟ್ಟೆಯ ಬಣ್ಣದಲ್ಲಿ ತಾಮ್ರದ ವಿಷ, ಅದು ಸಮುದ್ರಕ್ಕೆ ಹೋಗುತ್ತದೆ. ಹಿಂದಿನವರು ಮರದ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದರು, ಅದರಲ್ಲೇ ಏನೋ ಉಂಟು ಎಂದು ನೀವು ಹೇಳಿದಿರಿ. ಆ 'ಏನೋ'ವನ್ನು ಹುಡುಕಲು ನಮಗೆ ಬಹಳ ಕಾಲ ಹಿಡಿಯಿತು.

ಆ ಬಿರಿಯಾನಿಯನ್ನು ಮರೆಯಲು ಸಾಧ್ಯವೇ? ನಮ್ಮ ಬಣ್ಣ ಹಚ್ಚಿದ ಹಲಗೆಗಳನ್ನು ನೀರಿಗೆ ಇಳಿಬಿಟ್ಟು ನೋಡಬೇಕಿತ್ತು. ಮಳೆಗಾಲದಲ್ಲಿ ಬೋಟ್‌ಗಳೆಲ್ಲ ದಡದಲ್ಲಿ, ನದಿ ಕಡಲು ಸೇರುವ ಅಳಿವೆಯ ಜೆಟ್ಟಿ ಖಾಲಿ, ಯಾರ ಅಡ್ಡಿಯೂ ಇಲ್ಲ. ಇಳಿಬಿಟ್ಟೆವು. ಮಳೆ ಕಡಿಮೆಯಾಗುವ ಹೊತ್ತಿಗೆ ಮೇಲೆತ್ತಿದರೆ ಹಲಗೆ ಕನ್ನಡಿಯ ಹಾಗೆ, ಒಂದು ಚಿಪ್ಪಿಲ್ಲ. ನಾನು ಕುಣಿದುಬಿಟ್ಟೆ. ನೀವು ಹಂಪನಕಟ್ಟೆಗೆ ಕರೆದುಕೊಂಡು ಹೋಗಿ ಬಿರಿಯಾನಿ ಕೊಡಿಸಿದಿರಿ. ಅರ್ಧ ತಿಂದಾಗ ನಿಮ್ಮ ಕೈ ನಿಂತಿತು. ಪಕ್ಕದಲ್ಲಿ ಇಳಿಬಿಟ್ಟಿದ್ದ, ನಮ್ಮ ಬಣ್ಣ ಹಚ್ಚದ ಮಾಮೂಲಿ ಹಲಗೆಗಳನ್ನು ನೋಡಿದಿಯಾ ಎಂದು ಕೇಳಿದಿರಿ. ನಾನು ನೋಡಿರಲಿಲ್ಲ. ಹಾಗೇ ಎದ್ದು ಹೋದೆವು. ಅವೂ ಕನ್ನಡಿಯ ಹಾಗಿದ್ದವು. ಮಳೆಗೆ ಎರಡು ನದಿಗಳ ಸಿಹಿನೀರು ಇಳಿದು ಬರುವಾಗ ಅಳಿವೆಯಲ್ಲಿ ಉಪ್ಪೇ ಇರುವುದಿಲ್ಲ, ಉಪ್ಪಿಲ್ಲದಿದ್ದರೆ ಆ ಚಿಪ್ಪು ಕೂರುವುದೇ ಇಲ್ಲ. ಹುಟ್ಟಿದಾಗಿನಿಂದ ಈ ಊರಿನ ಮಳೆ ನೋಡಿದ ಇಬ್ಬರು, ಒಬ್ಬರು ಪ್ರೊಫೆಸರು, ಇನ್ನೊಬ್ಬಳು ಡಾಕ್ಟರೇಟ್. ನೀವು ಜೆಟ್ಟಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಿರಿ. "ಪೇಟೆಂಟ್ ಮಳೆಗೆ ಕೊಡಬೇಕು" ಎಂದಿರಿ. ನನಗೆ ನಗು ಬರಲಿಲ್ಲ, ಆಗಲೂ ಇಲ್ಲ, ಈಗಲೂ ಇಲ್ಲ. ಬದಿಯಲ್ಲಿ ಹಳೆಯದು ಇದ್ದದ್ದಕ್ಕೆ ನಮ್ಮ ಮಾನ ಉಳಿಯಿತು, ಅಷ್ಟೇ.

ಗಂಗಾಧರಣ್ಣನನ್ನು ಒಪ್ಪಿಸಿದ ಆ ಜುಲೈ ನೆನಪಿದೆಯಾ? ಇನ್ನು ಹಲಗೆ ಸಾಕು, ನಿಜವಾದ ಬೋಟ್ ಬೇಕು, ಇಡೀ ಸೀಸನ್ ಕಡಲಲ್ಲಿ ಓಡಬೇಕು ಎಂದು ನೀವು ಹಟ ಹಿಡಿದಿದ್ದಿರಿ. ಅದೂ ಅರ್ಧ ಬೋಟ್. ಎಡಗಡೆ ನಮ್ಮ ಕಂದು ಬಣ್ಣ, ಬಲಗಡೆ ಅವರು ಪ್ರತಿವರ್ಷ ಹಾಕುವ ಕೆಂಪು. ಎಡ ಎಂದರೆ ಸ್ಟೇರಿಂಗ್ ಹಿಡಿದು ಮುಂದೆ ನೋಡುವವನ ಎಡ ಎಂದು ನನಗೆ ಎರಡೆರಡು ಸಲ ಹೇಳಿದಿರಿ. ದಕ್ಕೆಯಲ್ಲಿ ನಾವು ಕೇಳಿದವರೆಲ್ಲ ಆಗುವುದಿಲ್ಲ ಎಂದರು. ಎರಡು ಬಣ್ಣದ ಬೋಟ್ ಎಂದರೆ ಊರಿಡೀ ನಗುತ್ತದೆ. ಗಂಗಾಧರಣ್ಣನೂ ಮೊದಲು ಬೇಡ ಎಂದವರೇ. ಸ್ವಂತದ ಒಂದೇ ಬೋಟ್, ಅದನ್ನು ನಡೆಸುವ ತಾಂಡೇಲನೂ ಅವರೇ, ಸ್ಟೇರಿಂಗ್ ಬೇರೆಯವರ ಕೈಗೆ ಕೊಡುವ ಜನ ಅಲ್ಲ. ನೀವು ದಿನಾ ಸಂಜೆ ಹೋಗಿ ಅವರ ಪಕ್ಕ ಕೂತಿರಿ. ಬಣ್ಣದ ಮಾತೇ ಆಡಲಿಲ್ಲ. ಬಂಗುಡೆ ಈ ವರ್ಷ ಯಾಕೆ ಸಣ್ಣದು, ಬಲೆ ಎಲ್ಲಿ ಹರಿಯುತ್ತದೆ, ಇಂಥದ್ದೇ. ಕೊನೆಗೆ ಒಂದು ದಿನ ಅವರೇ ಕೇಳಿದರು, "ಅದು ಹಾಳಾದ್ರೆ ಎಂತ ಮಾಡ್ತೀರಿ ಸರ್?"

"ಜೂನ್‌ನಲ್ಲಿ ಬೋಟ್ ಮೇಲೆ ಬಂದಾಗ ಮೊದಲು ಕೈ ಇಟ್ಟು ನೋಡುವವ ನಾನೇ. ಹಾಳಾಗಿದ್ರೆ ಕೆರೆಯುವವನೂ ನಾನೇ" ಎಂದಿರಿ. ಅವರು ಒಪ್ಪಿದರು. ನಾವು ಬಣ್ಣ ಬಳಿಯುವಾಗ ಪಕ್ಕದ ಬೋಟಿನವರು ಬಂದು ನೋಡಿ, ಕಂದು ಕಡೆ ಯಾರದ್ದು, ಕೆಂಪು ಕಡೆ ಯಾರದ್ದು, ಅಣ್ಣ ತಮ್ಮ ಪಾಲು ಮಾಡಿಕೊಂಡರೋ ಎಂದು ತಮಾಷೆ ಮಾಡಿದರು. ನೀವು ಅಂಗಿಯ ತೋಳು ಮಡಚಿ ಬಳಿಯುತ್ತಲೇ ಇದ್ದಿರಿ. ಮೂಗಿನ ಮೇಲೆ ಕಂದು ಮಚ್ಚೆ. ಆ ದಿನ ನೀವು ಬಹಳ ಖುಷಿಯಲ್ಲಿದ್ದಿರಿ, ನನಗೆ ಗೊತ್ತು.

ಫೋನು ಬಂದ ದಿನ ನೀವು ಆಸ್ಪತ್ರೆ ಸೇರಿ ವಾರವಾಗಿತ್ತು. ಕೆಮ್ಮು ಎಂದು ಹೋದವರು ಅಲ್ಲೇ ಉಳಿದಿರಿ. ಶ್ವಾಸಕೋಶ ಎಂದರು, ಆಮೇಲೆ ಹೃದಯ ಎಂದರು. ಗಂಗಾಧರಣ್ಣ ಮಾತಾಡಿದ್ದು ಎರಡೇ ಮಾತು, ಗದ್ದಲದ ನಡುವೆ. "ಬೋಟ್ ಒಂದು ಬದಿಗೆ ಎಳೀತದೆ ಮೇಡಂ. ಸ್ಟೇರಿಂಗ್ ಬಿಟ್ರೆ ನೇರ ಹೋಗುದಿಲ್ಲ. ನಿಮ್ಮ ಬಣ್ಣದ್ದೇ ಕಥೆ ಇದು, ಮತ್ತೆಂತದ್ದೂ ಅಲ್ಲ." ಮಂಜುಗಡ್ಡೆ ತುಂಬಿಸಿ ಹೊರಡುತ್ತಿದ್ದರು, ಲೈನು ತಪ್ಪಿತು. ಹೊರಟರೆ ಹತ್ತು ಹನ್ನೆರಡು ದಿನ ಆಳ ಕಡಲಲ್ಲಿ, ಅಲ್ಲಿ ಫೋನ್ ಸಿಗುವುದಿಲ್ಲ. ನಡು ಸೀಸನ್‌ನಲ್ಲಿ ಬೋಟನ್ನು ದಡಕ್ಕೆ ಎಳೆದು ನೋಡೋಣವೆಂದರೆ ದುಡಿಮೆ ಬಿಟ್ಟು ಯಾರು ಒಪ್ಪುತ್ತಾರೆ? ದಕ್ಕೆಯ ನೀರಿನಲ್ಲಿ ಮುಳುಗಿ ನೋಡುವ ಹಾಗೂ ಇಲ್ಲ, ಡೀಸೆಲ್ ಬೆರೆತು ಕಪ್ಪಗೆ, ತನ್ನ ಕೈ ತನಗೆ ಕಾಣುವುದಿಲ್ಲ. ಮಾಳಿಗೆಯ ಕೋಣೆಯಲ್ಲಿ ಒಬ್ಬಳೇ ಕೂತು, ಮುಗಿಯಿತು, ಬಣ್ಣ ಸೋತಿತು ಎಂದು ತೀರ್ಮಾನಿಸಿದೆ. ನಿಮಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತಾ ಬಸ್ಸು ಹತ್ತಿದೆ. ಇಳಿಯುವ ತನಕ ಯೋಚನೆ ಮುಗಿಯಲಿಲ್ಲ.

ನೀವು ದಿಂಬಿಗೆ ಒರಗಿ ಕೂತಿದ್ದಿರಿ. ಮೂಗಿಗೆ ಆಕ್ಸಿಜನ್ ನಳಿಗೆ. ಆಂಟಿ ಪಕ್ಕದಲ್ಲಿ ಜಪಮಾಲೆ ಹಿಡಿದಿದ್ದರು. ಬೋಟ್ ಎಳೆಯುತ್ತದಂತೆ ಸರ್ ಎಂದೆ. ನಿಮ್ಮ ಮುಖ ಸಣ್ಣದಾಗುತ್ತದೆ ಎಂದು ಕಾದಿದ್ದೆ. ಆಗಲಿಲ್ಲ. ನೀವು ನಳಿಗೆಯನ್ನು ಪಕ್ಕಕ್ಕೆ ಸರಿಸಿ ಮಾತಾಡಲು ನೋಡಿದಿರಿ, ಆಂಟಿ ಬೈದು ಮತ್ತೆ ಸರಿ ಮಾಡಿದರು. ಒಂದೊಂದೇ ಮಾತಾಗಿ ಹೇಳಿದಿರಿ. ಎರಡೂ ಕಡೆ ಚಿಪ್ಪು ಕೂತಿದ್ದರೆ ಬೋಟ್ ಎಳೆಯುವುದಿಲ್ಲ. ಎರಡೂ ಕಡೆ ಶುಚಿಯಾಗಿದ್ದರೂ ಎಳೆಯುವುದಿಲ್ಲ. ಒಂದು ಕಡೆ ಕೂತು ಇನ್ನೊಂದು ಕಡೆ ಕೂರದಿದ್ದರೆ ಮಾತ್ರ, ಚಿಪ್ಪು ಇರುವ ಕಡೆಯನ್ನು ನೀರು ಹಿಡಿದು ನಿಲ್ಲಿಸುತ್ತದೆ, ಬೋಟ್ ಆ ಕಡೆಗೆ ತಿರುಗುತ್ತದೆ. ಇಷ್ಟು ಹೇಳಿ ನಿಮಗೆ ಸುಸ್ತಾಯಿತು. ಕಣ್ಣು ಮುಚ್ಚಿದಿರಿ. ನಾನು ಹೊರಡಲು ಎದ್ದೆ. ಆಗ ಕಣ್ಣು ತೆರೆಯದೆಯೇ ಕೇಳಿದಿರಿ.

"ಯಾವ ಕಡೆಗೆ ಎಳೀತದೆ ಮೈಮೂನಾ?"

ಗೊತ್ತಿಲ್ಲ ಸರ್, ಕೇಳಲಿಲ್ಲ, ಬೋಟ್ ಬಂದ ತಕ್ಷಣ ಕೇಳಿ ಬಂದು ಹೇಳುತ್ತೇನೆ ಎಂದೆ. ನೀವು ಕೈ ಎತ್ತಿ, ಹೋಗು ಎಂದೋ ಆಗಲಿ ಎಂದೋ...

ಬೋಟ್ ಬರುವ ಮೊದಲು ನೀವು ಹೋದಿರಿ.

ನಿಮ್ಮನ್ನು ಮಣ್ಣು ಮಾಡಿದ ದಿನ ಬಿಸಿಲು ಬಹಳ ಇತ್ತು. ಚರ್ಚಿನಲ್ಲಿ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದೆ. ನಿಮ್ಮನ್ನು ಅಂಗಡಿ ಪ್ರೊಫೆಸರ್ ಎಂದವರೇ ನಿಮ್ಮ ಬಗ್ಗೆ ಎರಡು ಮಾತು ಆಡಿದರು. ಎಲ್ಲರೂ ಅಳುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ ಸರ್. ಮೇಲಿನ ಫ್ಯಾನುಗಳಲ್ಲಿ ಒಂದು ಕಿರುಗುಟ್ಟುತ್ತಿತ್ತು, ಅದಕ್ಕೆ ಎಣ್ಣೆ ಯಾಕೆ ಹಾಕಲಿಲ್ಲ ಎಂದು ಯೋಚಿಸಿದೆ. ನಮ್ಮಲ್ಲಿ ಹೇಳುವ ದುಆವನ್ನು ಮನಸ್ಸಿನಲ್ಲೇ ಹೇಳಿದೆ, ಪಾಠ ಒಪ್ಪಿಸಿದ ಹಾಗೆ. ಮಣ್ಣು ಹಾಕುವಾಗ ಯಾರೋ ನನ್ನ ಭುಜ ಹಿಡಿದರು. ನಾನು ಬೀಳುತ್ತೇನೆ ಎಂದುಕೊಂಡಿರಬೇಕು. ನಾನು ಚೆನ್ನಾಗಿಯೇ ನಿಂತಿದ್ದೆ. ಮನೆಗೆ ಹೋಗಿ ಊಟ ಮಾಡಿದೆ, ಮೂರು ಇಮೇಲ್‌ಗಳಿಗೆ ಉತ್ತರ ಬರೆದೆ, ನಿದ್ದೆಯೂ ಬಂತು. ಇದೆಂಥ ಮನುಷ್ಯಳು ನಾನು ಎಂದು ಬೆಳಿಗ್ಗೆ ಎದ್ದು ಕೇಳಿಕೊಂಡೆ.

ಗಂಗಾಧರಣ್ಣ ಬಂದದ್ದು ಮರುದಿನ. ದಕ್ಕೆಯಲ್ಲಿ ಇಳಿದು ಸುದ್ದಿ ಕೇಳಿ ನೇರ ನಿಮ್ಮ ಮನೆಗೇ ಬಂದರು. ಮೈಯಿಂದ ಮೀನಿನ ವಾಸನೆ ಹೋಗಿರಲಿಲ್ಲ, ಒಳಗೆ ಬರಲು ನಾಚಿಕೆಪಟ್ಟು ಆ ಎರಡು ಬಣ್ಣದ ಗೇಟಿನ ಹೊರಗೇ ನಿಂತರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರು ಗೇಟನ್ನೇ ನೋಡುತ್ತಿದ್ದರು. ಆಗ ಕೇಳಬಹುದಿತ್ತು. ಯಾವ ಕಡೆಗೆ ಎಂಬ ಎರಡು ಮಾತು, ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ನಾನು ಕೇಳಲಿಲ್ಲ. ಎಡಕ್ಕೆ ಎಂದಿದ್ದರೆ ನೀವು ಸೋತು ಹೋದಿರಿ ಎಂದಾಗುತ್ತಿತ್ತು. ಬಲಕ್ಕೆ ಎಂದಿದ್ದರೆ ಗೆದ್ದದ್ದು ಗೊತ್ತಾಗದೆ ಹೋದಿರಿ ಎಂದಾಗುತ್ತಿತ್ತು. ಎರಡರಲ್ಲಿ ಯಾವುದನ್ನು ಕೇಳಿಸಿಕೊಳ್ಳಲಿ? ಅವರು ಸ್ವಲ್ಪ ಹೊತ್ತು ನಿಂತು, ಬರ್ತೇನೆ ಮೇಡಂ ಎಂದು ಹೋದರು. ಅವರೂ ಬೋಟಿನ ವಿಷಯ ಎತ್ತಲಿಲ್ಲ.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ದಿನಾ ಉರ್ವದ ಕೋಣೆಗೆ ಹೋಗಿ ಬಾಗಿಲು ತೆರೆದು ಕೂತೆ, ಸಂಜೆ ಮುಚ್ಚಿದೆ. ಬೋಟ್ ಎಳೆಯುತ್ತಿರುವ ಸುದ್ದಿ ಬೆಂಗಳೂರಿನ ಹೂಡಿಕೆದಾರರಿಗೂ ಮುಟ್ಟಿತ್ತು. ವಿಡಿಯೋ ಕರೆಯಲ್ಲಿ ಬಹಳ ಮರ್ಯಾದೆಯಿಂದ, ಪ್ರೊಫೆಸರ್ ಇಲ್ಲದೆ ಮುಂದುವರಿಸುವುದು ಕಷ್ಟ, ಕಂಪನಿ ಮುಚ್ಚುವ ಬಗ್ಗೆ ಯೋಚಿಸಿ ಎಂದರು. ಜೂನ್ ಕಳೆಯಲಿ ಎಂದೆ. ರಜೆ ಮುಗಿಯುತ್ತಾ ಬಂತು, ಜುಲೈಗೆ ಲ್ಯಾಬಿಗೆ ವಾಪಸ್ ಬರುತ್ತೀರಲ್ಲ ಎಂದು ಡಿಪಾರ್ಟ್‌ಮೆಂಟಿನಿಂದ ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ತಂದೆ ಒಂದು ದಿನ ಬಂದು ಕೋಣೆಯಲ್ಲಿ ಕೂತು, ಪೈಂಟಿನ ಡಬ್ಬಿಗಳನ್ನು ಅಂಗಡಿಯ ಸಾಮಾನಿನ ಹಾಗೆ ಸಾಲಾಗಿ ಜೋಡಿಸಿ ಎದ್ದು ಹೋದರು. ಜೆಸಿಂತಾ ಆಂಟಿ ಈಸ್ಟರ್ ಕಳೆದ ಮೇಲೆ ಫೋನ್ ಮಾಡಿ, ಗೇಟಿಗೆ ಒಂದೇ ಬಣ್ಣ ಹೊಡೆಸುವ ಅಂತ ಉಂಟು, ಯಾವುದು ಹೊಡೆಸಲಿ ಎಂದರು. ಗಂಡ ಹೋದ ಮನೆಯ ಗೇಟು ಹೀಗಿರುವುದು ಚೆಂದವಲ್ಲ ಎಂದು ನೆಂಟರು ಹೇಳಿದರಂತೆ. ಅವರಿಗೂ ಜೂನ್ ಕಳೆಯಲಿ ಎಂದೆ. ಗೇಟಿಗೂ ಜೂನ್‌ಗೂ ಎಂತ ಸಂಬಂಧ ಎಂದು ಅವರು ಕೇಳಲಿಲ್ಲ. ನಲವತ್ತು ವರ್ಷ ನಿಮ್ಮ ಜೊತೆ ಇದ್ದವರು.

ನಿಷೇಧ ಶುರುವಾಗಿ ಬೋಟ್‌ಗಳು ಒಂದೊಂದೇ ದಡ ಹತ್ತುತ್ತಿದ್ದವು. ನಾನು ಆ ಕಡೆ ಹೋಗಲಿಲ್ಲ. ಒಂದು ಬೆಳಿಗ್ಗೆ ಗಂಗಾಧರಣ್ಣನ ಫೋನು. "ಬೋಟ್ ಮೇಲೆ ಬಂತು ಮೇಡಂ. ನಿನ್ನೆಯೇ ಬಂದದ್ದು. ಟಾರ್ಪಾಲ್ ಕಟ್ಟಿಸಿದ್ದೇನೆ, ಕೆಳಗೆ ಯಾರನ್ನೂ ಹೋಗ್ಲಿಕ್ಕೆ ಬಿಡ್ಲಿಲ್ಲ. ನಾನೂ ನೋಡ್ಲಿಲ್ಲ. ಮೊದಲು ಕೈ ಇಡುದು ನಾನು ಅಂತ ಸರ್ ಹೇಳಿದ್ರಲ್ಲ. ಈಗ ನೀವು ಬರ್ಬೇಕು."

ಹೋದೆ. ಮಳೆ ಆಗಷ್ಟೇ ಬಿಟ್ಟಿತ್ತು. ದಿಮ್ಮಿಗಳ ಮೇಲೆ ಬೋಟ್, ಸುತ್ತ ನೀಲಿ ಟಾರ್ಪಾಲ್. ಗಂಗಾಧರಣ್ಣ ಟಾರ್ಪಾಲಿನ ಹಗ್ಗ ಬಿಚ್ಚಿ ಬದಿಗೆ ನಿಂತರು. ನಾನು ಮೊದಲು ಎಡಗಡೆಗೆ ಹೋದೆ. ಬಗ್ಗಿ, ಬಲಗೈ ಚಾಚಿ ಅಂಗೈ ಇಟ್ಟೆ. ತಣ್ಣಗಿತ್ತು, ಲೋಳೆ ಲೋಳೆ ಪಾಚಿ ಜಾರಿತು. ಅದರ ಕೆಳಗೆ ನಮ್ಮ ಕಂದು ಬಣ್ಣ, ನುಣ್ಣಗೆ. ಹಿಂಬದಿಯಲ್ಲಿ, ಬಣ್ಣ ಉಜ್ಜಿಹೋದ ಒಂದು ಜಾಗದಲ್ಲಿ ಒಂದಿಷ್ಟು ಚಿಪ್ಪುಗಳಿದ್ದವು, ಅದನ್ನೂ ಹೇಳಬೇಕಲ್ಲ. ಉಳಿದಂತೆ ಕೈಗೆ ಏನೂ ತಾಗಲಿಲ್ಲ. ಅಂದರೆ ಕೆಲಸ ಮಾಡಿದೆ ಎಂದು ತಲೆ ಹೇಳಿತು. ನನಗೆ ಖುಷಿಯಾಗಲಿಲ್ಲ. ಆಗಬೇಕಿತ್ತು, ಕಾದೆ, ಆಗಲಿಲ್ಲ. ಕೈ ಎತ್ತದೆ ಹಾಗೇ ಒತ್ತಿಕೊಂಡು ಹಿಂದಿನಿಂದ ಸುತ್ತಿ ಬಲಗಡೆಗೆ ಬಂದೆ. ನಡೆಯುತ್ತಲೇ ಇದ್ದೆ.

"ಮೇಡಂ, ಕೈ. ಕೈ ತೆಗೀರಿ."

ಗಂಗಾಧರಣ್ಣ ಹೇಳಿದ ಮೇಲೆ ನೋಡಿದೆ. ಬಲಗಡೆ ಇಡೀ ಬಿಳಿ ಚಿಪ್ಪು, ಕೆಂಪು ಬಣ್ಣ ಕಾಣದಷ್ಟು. ಅದರ ಮೇಲೆ ನಾನು ಅಂಗೈ ಎಳೆದುಕೊಂಡು ಬಂದಿದ್ದೆ. ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ಉರಿ ಶುರುವಾಯಿತು. ಉಪ್ಪುನೀರಿನ ಚಿಪ್ಪಿನ ಗಾಯ ಹೇಗೆ ಉರಿಯುತ್ತದೆ ಎಂದು ನಿಮಗೆ ಗೊತ್ತಿರಬೇಕು. ಅಯ್ಯೋ ಎಂದೆ. ಅದು ಬಾಯಿಂದ ಹೊರಬಿದ್ದದ್ದೇ, ಉಳಿದದ್ದೆಲ್ಲ ಹಿಂದಿನಿಂದ ಬಂತು. ಆ ದಿಮ್ಮಿಯ ಮೇಲೆ ಕೂತು, ಹತ್ತು ಜನ ನೋಡುತ್ತಿದ್ದಾರೆ ಎಂದೂ ಇಲ್ಲದೆ, ಮಕ್ಕಳ ಹಾಗೆ ಅತ್ತೆ ಸರ್. ಕೈಗೆ ಗಾಯವಾಗಿ ಅಳುತ್ತಿದ್ದಾಳೆ ಎಂದುಕೊಂಡು ಯಾರೋ ನೀರು ತರಲು ಓಡಿದರು. ಗಂಗಾಧರಣ್ಣ ಮಾತ್ರ ತಮ್ಮ ಹೆಗಲ ಬೈರಾಸನ್ನು ನನ್ನ ಕೈಗೆ ಸುತ್ತಿ ಗಂಟು ಹಾಕಿದರು. ಆಮೇಲೆ ಪಕ್ಕದಲ್ಲಿ ಕೂತರು, ನೀವು ಕೂರುತ್ತಿದ್ದ ಹಾಗೆ.

ಅಳು ನಿಂತ ಮೇಲೆ ನಿಮ್ಮ ಪ್ರಶ್ನೆ ಕೇಳಿದೆ. ಉತ್ತರ ಕಣ್ಣ ಮುಂದೆಯೇ ಇತ್ತು, ಆದರೂ ಕೇಳುತ್ತೇನೆ ಎಂದು ಹೇಳಿ ಹೊರಟವಳಲ್ಲವೇ ನಾನು. ಅವರು ಎರಡೂ ಕೈಗಳಲ್ಲಿ ಇಲ್ಲದ ಸ್ಟೇರಿಂಗ್ ಹಿಡಿದು, ಎಡಕ್ಕೆ ತಿರುಗಿಸಿ ಹಾಗೇ ಒತ್ತಿ ಹಿಡಿದು ತೋರಿಸಿದರು.

"ಡಿಸೆಂಬರ್‌ನಿಂದ ಹೀಗೆಯೇ ಹಿಡ್ಕೊಂಡು ಓಡಿಸಿದ್ದು. ಆಗ ಮಾತ್ರ ನೇರ ಹೋಗ್ತಿತ್ತು. ನನ್ನ ಭುಜ ಹೋಯ್ತು ಮಾರಾಯ್ತಿ. ಸರ್‌ಗೆ ಅಂದಾಜು ಇರ್ಬಹುದು ಅಂತ ನಾನು ಹೇಳ್ಲಿಲ್ಲ. ನೀವೂ ಕೇಳ್ಲಿಲ್ಲ."

ಒಂದು ಬೋಟ್, ಒಂದು ಸೀಸನ್, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನೀವು ಹೇಳುತ್ತೀರಿ, ಗೊತ್ತು. ಅದಕ್ಕೇ ರಜೆಯನ್ನು ಇನ್ನೊಂದು ವರ್ಷಕ್ಕೆ ಕೇಳಿದ್ದೇನೆ. ಬೆಂಗಳೂರಿನವರಿಗೆ ಎರಡೂ ಬದಿಯ ಫೋಟೋ ಕಳಿಸಿದೆ. ಮುಚ್ಚುವ ಮಾತು ಸದ್ಯಕ್ಕೆ ನಿಂತಿದೆ. ಗಂಗಾಧರಣ್ಣ ಈ ಸಲ ಎರಡೂ ಕಡೆ ಕಂದೇ ಬೇಕು, ಅರ್ಧರ್ಧ ಎಂದರೆ ನನ್ನನ್ನು ಹತ್ತಿರ ಸೇರಿಸುವುದಿಲ್ಲ ಎಂದಿದ್ದಾರೆ. ಅವರ ಭುಜ ನೋಡಿ ಒಪ್ಪಿಕೊಂಡೆ, ಕ್ಷಮಿಸಿ. ಅಂದು ತಮಾಷೆ ಮಾಡಿದ ಪಕ್ಕದ ಬೋಟಿನವರೇ ಈಗ ಬಂದು ಕೇಳುತ್ತಿದ್ದಾರೆ. ಅವರಲ್ಲಿ ಇಬ್ಬರ ಬೋಟ್‌ಗೆ ಅರ್ಧ ನಮ್ಮ ಬಣ್ಣ, ಅರ್ಧ ಅವರದು. ಎಳೆಯುತ್ತದೆ ಎಂದು ಮೊದಲೇ ಹೇಳಿದ್ದೇನೆ. ಯಾವ ಕಡೆಗೆ ಎಂದು ತಿಂಗಳು ತಿಂಗಳೂ ನಾನೇ ಹೋಗಿ ಕೇಳುತ್ತೇನೆ, ಇದು ನಿಮಗೆ ಕೊಡುವ ಮಾತು. ಆಂಟಿಗೆ ವಿಷಯ ಹೇಳಿದೆ. ಅವರು, ಹಾಗಾದರೆ ಗೇಟು ಹಾಗೇ ಇರಲಿ ಎಂದರು.

ಕೈಗೆ ಹೊಲಿಗೆ ಬಿದ್ದಿದೆ, ಅಕ್ಷರ ಸ್ವಲ್ಪ ಸೊಟ್ಟ ಬಂದಿದೆ. ಬರೆಯುವಾಗ ಈಗಲೂ ಉರಿಯುತ್ತದೆ. ಉರಿಯಲಿ.

ಬಲಕ್ಕೆ, ಸರ್. ಬಲಕ್ಕೆ ಎಳೆಯುತ್ತಿತ್ತು.

ನಿಮ್ಮ,
ಮೈಮೂನಾ